ಗಂಡನ ಗ್ರೀನ್ ಕಾರ್ಡಿಗೆ ನನ್ನ ಟ್ಯಾಕ್ಸ್ ಲೆಕ್ಕ: ಮೈಸೂರಿನಲ್ಲಿ ಕೂತು ನಾನು ಮಾಡಿದ್ದು ಹೀಗೆ

ಅಮೆರಿಕದ ಪೌರತ್ವ ಇದ್ದು ಊರಿಗೆ ವಾಪಸ್ ಬಂದವರು ನನ್ನ ಪರಿಚಯದಲ್ಲೇ ಎಷ್ಟೋ ಜನ ಇದ್ದಾರೆ. ಎಲ್ಲರದ್ದೂ ಒಂದೇ ಮಾತು: "ಇಲ್ಲಿ ದುಡೀತೀನಿ, ಇಲ್ಲೇ ಟ್ಯಾಕ್ಸ್ ಕಟ್ತೀನಿ, ಅಲ್ಲಿಗೆ ಯಾಕೆ ರಿಟರ್ನ್ ಹಾಕಬೇಕು?" ಗಂಡನನ್ನೋ ಹೆಂಡತಿಯನ್ನೋ ಅಲ್ಲಿಗೆ ಕರೆದುಕೊಂಡು ಹೋಗಲು ವೀಸಾಕ್ಕೆ ಹಾಕಿದಾಗ ಇದಕ್ಕೆ ಉತ್ತರ ತಾನಾಗಿಯೇ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಟ್ಯಾಕ್ಸ್ ಫೈಲೂ ವೀಸಾ ಫೈಲೂ ಬೇರೆ ಬೇರೆ ಅಂದುಕೊಳ್ಳಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಥೆ ಇಷ್ಟು. ಟೆಕ್ಸಾಸ್‌ನಲ್ಲಿ ಕೆಲಸ ಮಾಡಿ, ಅಲ್ಲೇ ಪೌರತ್ವ ಪಡೆದು, ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೆ ಬಂದೆ. ಹೊರದೇಶದ ಪೌರತ್ವ ಇದ್ದೂ ಭಾರತದಲ್ಲಿ ಇದ್ದು ದುಡಿಯಲು ಬಿಡುವ ಓಸಿಐ ಕಾರ್ಡ್ ಇತ್ತು. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ. 2022ರ ಡಿಸೆಂಬರ್‌ನಲ್ಲಿ ಮದುವೆಯಾಯಿತು. ನಮ್ಮವರು ಮೈಸೂರಿನಲ್ಲೇ ಕಾಲೇಜು ಮೇಷ್ಟ್ರು. 2023ರ ಶುರುವಿನಲ್ಲಿ ಅವರಿಗೆ ಐ-130, ಅಂದರೆ 'ಇವರು ನನ್ನ ಗಂಡ, ಗ್ರೀನ್ ಕಾರ್ಡ್ ಕೊಡಿ' ಅಂತ ಕೇಳುವ ಮೊದಲ ಅರ್ಜಿ, ಹಾಕಿದೆ. ಆಗ ಫೀಸು 535 ಡಾಲರ್. 2024ರ ಏಪ್ರಿಲ್‌ನಲ್ಲಿ ಅದು ಆನ್‌ಲೈನ್‌ಗೆ 625, ಪೇಪರ್‌ಗೆ 675 ಆಯಿತು.

ಮೊದಲು ಬುಡದ ಮಾತು. ಅಮೆರಿಕ ತನ್ನ ಪೌರರು ಎಲ್ಲಿದ್ದರೂ ಅವರ ಇಡೀ ಪ್ರಪಂಚದ ಆದಾಯದ ಲೆಕ್ಕ ಕೇಳುತ್ತದೆ. ಟ್ಯಾಕ್ಸ್ ಒಂದು ಪೈಸೆ ಬರದಿದ್ದರೂ ರಿಟರ್ನ್ ಹಾಕಬೇಕಾಗಬಹುದು. ಮದುವೆಯಾಗಿ, ಗಂಡ ಹೆಂಡತಿ ಬೇರೆ ಬೇರೆ ಫೈಲ್ ಮಾಡುವವರಿಗೆ ಇದರ ಮಿತಿ ಎಷ್ಟು ಗೊತ್ತಾ? 5 ಡಾಲರ್. ಅಷ್ಟು ಆದಾಯ ಇದ್ದರೂ ಸಾಕು, 1040, ಅಂದರೆ ಅಮೆರಿಕದ ಆದಾಯ ತೆರಿಗೆ ರಿಟರ್ನ್ ಫಾರ್ಮ್, ಹಾಕಲೇಬೇಕು. ಒಬ್ಬಂಟಿಯಾಗಿದ್ದಾಗ ಇದ್ದ ದೊಡ್ಡ ಮಿತಿ, 2023ಕ್ಕೆ 13,850 ಡಾಲರ್ ಇತ್ತಲ್ಲ, ಅದು ಮದುವೆಯ ಜೊತೆಗೇ ಹೋಯಿತು.

ಇನ್ನೊಂದು, ಡಿಸೆಂಬರ್ 31ರಂದು ನೀವು ಮದುವೆಯಾದವರು ಅಂದರೆ ಇಡೀ ವರ್ಷಕ್ಕೆ ಮದುವೆಯಾದವರು. ನಮ್ಮದು ಡಿಸೆಂಬರ್ ಮದುವೆ. ವರ್ಷದ ಬಹುಪಾಲು ಒಬ್ಬಳೇ ಇದ್ದೆ ಅಂತ 2022ರ ರಿಟರ್ನ್‌ನಲ್ಲಿ 'ಸಿಂಗಲ್' ಅಂತ ಗುರುತು ಹಾಕುವ ಹಾಗಿಲ್ಲ. ಹಾಗೆ ಹಾಕಿದ್ದರೆ ಐ-130ರಲ್ಲಿ ಮದುವೆಯ ತಾರೀಖು ಒಂದು ಹೇಳುತ್ತಿತ್ತು, ಟ್ಯಾಕ್ಸ್ ಕಾಗದ ಇನ್ನೊಂದು ಹೇಳುತ್ತಿತ್ತು. ಮದುವೆ ನಿಜವೋ ಅಲ್ಲವೋ ಅಂತ ನೋಡುವ ಅಧಿಕಾರಿಯ ಕೈಗೆ ಇಂಥ ಕಾಗದ ಕೊಡಬಾರದು, ಅಲ್ವಾ?

ಹಾಗಾಗಿ 'ಮ್ಯಾರೀಡ್ ಫೈಲಿಂಗ್ ಸೆಪರೇಟ್ಲಿ' ಆರಿಸಿಕೊಂಡೆ. ಗಂಡನಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಲಿಲ್ಲ. ಆ ಜಾಗದಲ್ಲಿ 'ಎನ್‌ಆರ್‌ಎ' ಅಂತ ಬರೆಯಬೇಕು, ಅಂದರೆ ಅವರು ಅಮೆರಿಕದ ಪೌರರೂ ಅಲ್ಲ, ನಿವಾಸಿಯೂ ಅಲ್ಲ ಅಂತ. ಜಂಟಿಯಾಗಿ ಫೈಲ್ ಮಾಡುವ ದಾರಿಯೂ ಇದೆ. ಅದಕ್ಕೆ ಡಬ್ಲ್ಯು-7 ಫಾರ್ಮ್ ಹಾಕಿ ಅವರಿಗೆ ಐಟಿಐಎನ್ ಅನ್ನುವ ಟ್ಯಾಕ್ಸ್ ನಂಬರ್ ತರಿಸಬೇಕು, ಅವರ ಕಾಲೇಜು ಸಂಬಳ, ಎಫ್‌ಡಿ ಬಡ್ಡಿ ಎಲ್ಲವನ್ನೂ ಅಮೆರಿಕದ ಲೆಕ್ಕಕ್ಕೆ ತರಬೇಕು. ನಮಗೆ ಅದರಿಂದ ಲಾಭವೇನೂ ಇರಲಿಲ್ಲ. ಅಮ್ಮನನ್ನು ಸಾಕುತ್ತಿದ್ದೇನೆ, 'ಹೆಡ್ ಆಫ್ ಹೌಸ್‌ಹೋಲ್ಡ್' (ಮನೆಯ ಹೊಣೆ ಹೊತ್ತವರ ವರ್ಗ) ಆಗಬಹುದೇ ಅಂತಲೂ ನೋಡಿದೆ. ಆಗಲ್ಲ. ಭಾರತದಲ್ಲಿರುವ ಭಾರತೀಯ ಪ್ರಜೆಯಾದ ತಾಯಿ ಅವರ ಲೆಕ್ಕದಲ್ಲಿ ಅವಲಂಬಿತರಾಗಿ ಬರುವುದಿಲ್ಲ.

ಈಗ ನನಗೆ ತುಂಬಾ ಮುಖ್ಯ ಅನಿಸಿದ ವಿಷಯ. ಹೊರದೇಶದಲ್ಲಿ ದುಡಿಯುವವರಿಗೆ ಎರಡು ದಾರಿಗಳಿವೆ. ಒಂದು ಫಾರ್ಮ್ 2555. ಅದರಲ್ಲಿ ಹೊರದೇಶದ ದುಡಿಮೆಯನ್ನು ಒಂದು ಮಿತಿಯವರೆಗೆ ಆದಾಯದಿಂದಲೇ ಬಿಟ್ಟುಬಿಡಬಹುದು. 2023ಕ್ಕೆ ಆ ಮಿತಿ 1,20,000 ಡಾಲರ್, 2024ಕ್ಕೆ 1,26,500. ಇನ್ನೊಂದು ಫಾರ್ಮ್ 1116. ಇದರಲ್ಲಿ ಆದಾಯವನ್ನು ಪೂರ್ತಿ ತೋರಿಸಿ, ಭಾರತದಲ್ಲಿ ಕಟ್ಟಿದ ಟ್ಯಾಕ್ಸನ್ನು ಅಲ್ಲಿನ ಟ್ಯಾಕ್ಸಿನಿಂದ ಕಳೆಯುತ್ತೀರಿ. ನನ್ನಂಥವರಿಗೆ ಎರಡರಲ್ಲೂ ಕೊನೆಗೆ ಕಟ್ಟಬೇಕಾದ್ದು ಸೊನ್ನೆ. 2555 ಸುಲಭ ಅಂತ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ.

ಆದರೆ ವೀಸಾಕ್ಕೆ ಕೊಡುವ ಐ-864, ಅಂದರೆ 'ಇವರನ್ನು ನಾನು ಸಾಕುತ್ತೇನೆ' ಅಂತ ಬರೆದುಕೊಡುವ ಮುಚ್ಚಳಿಕೆ, ರಿಟರ್ನ್‌ನಲ್ಲಿರುವ ಒಟ್ಟು ಆದಾಯವನ್ನು ಕೇಳುತ್ತದೆ. 2555 ಹಾಕಿದರೆ ಸಂಬಳ ಒಂದು ಸಾಲಿನಲ್ಲಿ ಬರುತ್ತದೆ, ಇನ್ನೊಂದು ಸಾಲಿನಲ್ಲಿ ಮೈನಸ್ ಆಗಿ ಹೋಗುತ್ತದೆ. ಒಟ್ಟು ಆದಾಯದ ಸಾಲಿನಲ್ಲಿ ಉಳಿಯುವುದು ಬಡ್ಡಿ ಮಾತ್ರ. ವರ್ಷಪೂರ್ತಿ ದುಡಿದವಳು ಕಾಗದದಲ್ಲಿ ಬರಿಗೈ. 1116 ಹಾಕಿದರೆ ಸಂಬಳ ಹಾಗೇ ನಿಲ್ಲುತ್ತದೆ. ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳ ಅಂದುಕೊಳ್ಳಿ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೊಡುವ 2023ರ ಸರಾಸರಿ ದರ ಡಾಲರ್‌ಗೆ 82.572 ರೂಪಾಯಿ. ಸುಮಾರು 36,300 ಡಾಲರ್ ಕಣ್ಣಿಗೆ ಕಾಣುತ್ತದೆ. ಭಾರತದ ಟ್ಯಾಕ್ಸ್ ದರ ಜಾಸ್ತಿ ಇರುವುದರಿಂದ ಕ್ರೆಡಿಟ್ ಉಳಿಯುತ್ತದೆ, ಅದನ್ನು 10 ವರ್ಷ ಮುಂದಕ್ಕೆ ಒಯ್ಯಬಹುದು. ನಾನು ಮೊದಲಿನಿಂದಲೂ 1116 ಹಿಡಿದೆ. ನೀವು ಈಗಾಗಲೇ 2555 ಹಾಕುತ್ತಿದ್ದರೆ ಅವಸರದಲ್ಲಿ ಬಿಡಬೇಡಿ. ಒಮ್ಮೆ ಕೈಬಿಟ್ಟರೆ ಐಆರ್‌ಎಸ್ ಒಪ್ಪಿಗೆ ಇಲ್ಲದೆ ಐದು ವರ್ಷ ಮತ್ತೆ ಹಿಡಿಯುವ ಹಾಗಿಲ್ಲ. 2555ರ ಪ್ರತಿಯನ್ನೇ ಲಗತ್ತಿಸಿ, ಸೊನ್ನೆ ಯಾಕೆ ಬಂತು ಅಂತ ಒಂದು ಪುಟದ ವಿವರಣೆ ಕೊಡಬಹುದು.

ಒಂದು ಎಚ್ಚರಿಕೆ. ಸ್ವಂತ ವ್ಯವಹಾರ, ಕನ್ಸಲ್ಟಿಂಗ್ ಮಾಡುವವರಿಗೆ ಇದು ಇಷ್ಟು ಸಲೀಸಲ್ಲ. ಭಾರತ ಮತ್ತು ಅಮೆರಿಕದ ನಡುವೆ ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಪಿಂಚಣಿ ವ್ಯವಸ್ಥೆ) ಒಪ್ಪಂದ ಇಲ್ಲ. ಹಾಗಾಗಿ 15.3 ಪರ್ಸೆಂಟ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಬೀಳುತ್ತದೆ, 2555 ಅದನ್ನು ತಪ್ಪಿಸುವುದಿಲ್ಲ.

ಲೆಕ್ಕ ಬರೆಯುವಾಗ ತಲೆ ತಿನ್ನುವುದು ಕ್ಯಾಲೆಂಡರ್. ನಮ್ಮದು ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಫಾರ್ಮ್ 16 ನೋಡಿ ನೇರ ಬರೆಯಲು ಆಗಲ್ಲ. ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಸಾಲು ಎಳೆದುಕೊಂಡೆ: ಸಂಬಳ, ಪಿಎಫ್, ಟಿಡಿಎಸ್. ಜನವರಿಯಿಂದ ಮಾರ್ಚ್‌ವರೆಗೆ ಒಂದು ಫಾರ್ಮ್ 16ಕ್ಕೆ ಸೇರಿದ್ದು, ಏಪ್ರಿಲ್‌ನಿಂದ ಮುಂದಿನದಕ್ಕೆ ಸೇರಿದ್ದು. ಸಂಬಳದ ಚೀಟಿ ನೋಡಿ ತಿಂಗಳು ತಿಂಗಳು ತುಂಬಿದೆ. ಟಿಡಿಎಸ್ ಸರಾಸರಿ ತೆಗೆದು ಹಾಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಂಪನಿಯವರು ಬಾಕಿ ಎಲ್ಲ ಸೇರಿಸಿ ಹಿಡಿಯುತ್ತಾರೆ, ಆ ತಿಂಗಳುಗಳ ಮೊತ್ತವೇ ಬೇರೆ ಇರುತ್ತದೆ. ಎಫ್‌ಡಿ ಬಡ್ಡಿಗೆ ಇನ್ನೊಂದು 1116, ಯಾಕೆಂದರೆ ಅದು ದುಡಿಮೆಯ ಆದಾಯ ಅಲ್ಲ. ಹೊರದೇಶದಲ್ಲಿರುವವರಿಗೆ ಗಡುವು ತಾನಾಗಿಯೇ ಜೂನ್ 15ರವರೆಗೆ ಹೋಗುತ್ತದೆ, ಕೇಳಿಕೊಂಡರೆ ಅಕ್ಟೋಬರ್ 15. ಆದರೆ ಕಟ್ಟಬೇಕಾದ ಟ್ಯಾಕ್ಸ್ ಇದ್ದರೆ ಬಡ್ಡಿ ಏಪ್ರಿಲ್ 15ರಿಂದಲೇ ಓಡುತ್ತದೆ.

ಬ್ಯಾಂಕ್ ಖಾತೆಗಳ ವಿಷಯಕ್ಕೆ ಬರೋಣ. ವರ್ಷದಲ್ಲಿ ಯಾವತ್ತಾದರೂ ಒಂದು ದಿನ ಅಮೆರಿಕದ ಹೊರಗಿನ ಎಲ್ಲ ಖಾತೆಗಳ ಮೊತ್ತ ಸೇರಿ 10,000 ಡಾಲರ್ ದಾಟಿದರೆ ಎಫ್‌ಬಾರ್, ಅಂದರೆ ಹೊರದೇಶದ ಖಾತೆಗಳ ವರದಿ, ಹಾಕಬೇಕು. 2023ರ ದರದಲ್ಲಿ ಸುಮಾರು ಎಂಟೂಕಾಲು ಲಕ್ಷ ರೂಪಾಯಿ. ಇದು 1040ರ ಜೊತೆ ಹೋಗುವುದಿಲ್ಲ, ಫಿನ್‌ಸೆನ್ ಅನ್ನುವ ಬೇರೆ ಇಲಾಖೆಯ ಸೈಟಿನಲ್ಲಿ ಹಾಕುವುದು. ನನ್ನ ಸ್ವಂತ ಖಾತೆಯಲ್ಲಿ ಅಷ್ಟು ಇರಲಿಲ್ಲ. ಆದರೆ ಅಮ್ಮನ ಎಫ್‌ಡಿಗಳೆಲ್ಲ 'ಐದರ್ ಆರ್ ಸರ್ವೈವರ್' ಅಂತ ನನ್ನ ಹೆಸರೂ ಸೇರಿಸಿ ಇಟ್ಟಿದ್ದವು. ಅಪ್ಪ ಹೋದಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಾರೆ. ದುಡ್ಡು ಅಮ್ಮನದ್ದು, ಬಡ್ಡಿ ಅಮ್ಮನ ಪ್ಯಾನ್‌ಗೆ, ಆದ್ದರಿಂದ ನನ್ನ 1040ಗೆ ಆ ಬಡ್ಡಿ ಬರಲ್ಲ. ಆದರೆ ಎಫ್‌ಬಾರ್‌ನಲ್ಲಿ ನಾನು ಜಂಟಿ ಖಾತೆದಾರಳು, ಪೂರ್ತಿ ಮೊತ್ತವನ್ನೇ ತೋರಿಸಬೇಕು. ಅಮ್ಮನ ಬೀರುವಿನಿಂದ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಎಲ್‌ಐಸಿ ಬಾಂಡು ಎಲ್ಲ ತೆಗೆದು ಹರಡಿಕೊಂಡು ಕೂತೆ. ನನ್ನ ಹೆಸರಿನ, ಸರೆಂಡರ್ ವ್ಯಾಲ್ಯೂ ಇರುವ ಎಲ್‌ಐಸಿ ಪಾಲಿಸಿಯೂ ಇದರಲ್ಲಿ ಬರುತ್ತದೆ. "ನನ್ನ ದುಡ್ಡಿನ ಲೆಕ್ಕ ಅವರಿಗ್ಯಾಕಮ್ಮಾ?" ಅಂತ ಅಮ್ಮ ಕೇಳಿದರು. ಇದು ಟ್ಯಾಕ್ಸ್ ಅಲ್ಲ, ಬರೀ ಮಾಹಿತಿ ಅಂತ ಸಮಾಧಾನವಾಗಿ ಹೇಳಿದೆ. ಡಾಲರ್‌ಗೆ ಬದಲಿಸುವಾಗ ಇಲ್ಲಿ ವರ್ಷದ ಸರಾಸರಿ ದರ ಅಲ್ಲ, ಅಮೆರಿಕದ ಖಜಾನೆ ಇಲಾಖೆ ಕೊಡುವ ಡಿಸೆಂಬರ್ 31ರ ದರ ಹಿಡಿಯಬೇಕು.

ಹಿಂದಿನ ವರ್ಷಗಳ ರಿಟರ್ನ್ ಹಾಕದೇ ಇರುವವರು ಹೆದರಿ ಸುಮ್ನೆ ಕೂರಬೇಡಿ. ನನ್ನ ಪರಿಚಯದ ಒಬ್ಬರು ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದಿದ್ದೆಲ್ಲ ಶಿವಮೊಗ್ಗದ ಕಡೆ. ರಿಟರ್ನ್ ಹಾಕಬೇಕು ಅನ್ನುವುದೇ ಗೊತ್ತಿರಲಿಲ್ಲ. ಹೆಂಡತಿಗೆ ವೀಸಾ ಮಾಡಿಸಲು ಹೊರಟಾಗ ನನ್ನನ್ನು ಕೇಳಿದರು. ಗೊತ್ತಿಲ್ಲದೆ ಬಿಟ್ಟವರಿಗೆ, ಹೊರದೇಶದಲ್ಲೇ ವಾಸ ಇರುವವರಿಗೆ 'ಸ್ಟ್ರೀಮ್‌ಲೈನ್ಡ್' ಅನ್ನುವ ದಾರಿ ಇದೆ. ಮೂರು ವರ್ಷದ ರಿಟರ್ನ್, ಆರು ವರ್ಷದ ಎಫ್‌ಬಾರ್, ಜೊತೆಗೆ ಬೇಕಂತಲೇ ಬಿಟ್ಟಿದ್ದಲ್ಲ ಅಂತ 14653 ಫಾರ್ಮಿನಲ್ಲಿ ಬರೆದುಕೊಡುವುದು. ದಂಡ ಇಲ್ಲ. ರಿಟರ್ನ್‌ಗಳು ಪೇಪರ್‌ನಲ್ಲೇ ಹೋಗಬೇಕು, ಪ್ರತಿಯೊಂದರ ಮೊದಲ ಪುಟದ ಮೇಲ್ಭಾಗದಲ್ಲಿ ಕೆಂಪು ಇಂಕಿನಲ್ಲಿ 'ಸ್ಟ್ರೀಮ್‌ಲೈನ್ಡ್ ಫಾರಿನ್ ಆಫ್‌ಶೋರ್' ಅಂತ ಬರೆಯಬೇಕು. ಅವರ ಮನೆಯ ಊಟದ ಮೇಜಿನ ಮೇಲೆ ಕೂತು ಕೆಂಪು ಪೆನ್ನಲ್ಲಿ ಬರೆದು, ಟೆಕ್ಸಾಸ್‌ನ ಆಸ್ಟಿನ್‌ಗೆ ಕೊರಿಯರ್ ಮಾಡಿದೆವು. ಐ-864ರ ಸೂಚನೆಯಲ್ಲೇ ಇದೆ: ಹಿಂದಿನ ಮೂರು ವರ್ಷದಲ್ಲಿ ಹಾಕಬೇಕಿದ್ದ ರಿಟರ್ನ್ ಹಾಕಿಲ್ಲ ಅಂದರೆ, ಮೊದಲು ಹಾಕಿ, ಅದರ ಟ್ರಾನ್ಸ್‌ಕ್ರಿಪ್ಟ್, ಅಂದರೆ ರಿಟರ್ನ್‌ನ ಸಾರಾಂಶವಾಗಿ ಐಆರ್‌ಎಸ್ ಕೊಡುವ ದಾಖಲೆ, ಜೊತೆಗಿಟ್ಟೇ ಇದನ್ನು ಕೊಡಬೇಕು. ಪೇಪರ್ ರಿಟರ್ನ್ ಅವರ ಕಂಪ್ಯೂಟರಿಗೆ ಏರಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ಐ-130ಗಿಂತ ಮೊದಲೇ ಈ ಕೆಲಸ ಶುರು ಮಾಡಿ ಅನ್ನುವುದು.

ನನಗೂ ರಿಟರ್ನ್‌ನ ನಕಲಿಗಿಂತ ಟ್ರಾನ್ಸ್‌ಕ್ರಿಪ್ಟೇ ಅನುಕೂಲವಾಯಿತು. ನಕಲು ಕೊಟ್ಟರೆ ಜೊತೆಗೆ ಡಬ್ಲ್ಯು-2, ಅಂದರೆ ಅಲ್ಲಿನ ಕಂಪನಿಗಳು ಕೊಡುವ ನಮ್ಮ ಫಾರ್ಮ್ 16ರಂಥ ಕಾಗದ, ಕೇಳುತ್ತಾರೆ. ಬೆಂಗಳೂರಿನ ಕಂಪನಿ ಡಬ್ಲ್ಯು-2 ಎಲ್ಲಿಂದ ಕೊಡಬೇಕು? ಟ್ರಾನ್ಸ್‌ಕ್ರಿಪ್ಟ್ ಇದ್ದರೆ ಆ ಪ್ರಶ್ನೆಯೇ ಬರಲ್ಲ. ಐಆರ್‌ಎಸ್ ಸೈಟಿನಲ್ಲಿ ಖಾತೆ ತೆರೆದು, ಅಮೆರಿಕನ್ ಪಾಸ್‌ಪೋರ್ಟ್ ತೋರಿಸಿ ಗುರುತು ಖಚಿತಪಡಿಸಿಕೊಂಡೆ, ಅಲ್ಲೇ ಇಳಿಸಿಕೊಂಡೆ.

2024ರಲ್ಲಿ ಕಡತ ಎನ್‌ವಿಸಿಗೆ, ಅಂದರೆ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ, ಬಂತು. 325 ಮತ್ತು 120 ಡಾಲರ್‌ನ ಎರಡು ಫೀಸು ಕಟ್ಟಿ ಐ-864 ತುಂಬಲು ಕೂತೆ. ಇಬ್ಬರ ಸಂಸಾರಕ್ಕೆ ಆ ವರ್ಷ ಬೇಕಿದ್ದ ಆದಾಯ 25,550 ಡಾಲರ್, ಅಂದರೆ ಬಡತನ ರೇಖೆಯ 125 ಪರ್ಸೆಂಟ್. ನನ್ನ ಸಂಬಳ ಅದಕ್ಕಿಂತ ಜಾಸ್ತಿ. ಆದರೂ ಲೆಕ್ಕಕ್ಕೆ ಬರಲ್ಲ, ಯಾಕೆಂದರೆ ಅಮೆರಿಕಕ್ಕೆ ಹೋದಮೇಲೆ ಆ ಕೆಲಸ ಇರುವುದಿಲ್ಲ. ಅಲ್ಲಿಗೆ ಹೋದಮೇಲೂ ಮುಂದುವರಿಯುವ ಆದಾಯ ಮಾತ್ರ ನಡೆಯುತ್ತದೆ. ಅದಕ್ಕೇ ಜಂಟಿ ಸ್ಪಾನ್ಸರ್, ಅಂದರೆ ನನ್ನ ಜೊತೆ ಇದೇ ಮುಚ್ಚಳಿಕೆ ಬರೆದುಕೊಡುವ ಇನ್ನೊಬ್ಬರು, ಬೇಕಾಯಿತು, ಟೆಕ್ಸಾಸ್‌ನಲ್ಲಿರುವ ಅಣ್ಣ ಒಪ್ಪಿದ. ಜಂಟಿ ಸ್ಪಾನ್ಸರ್ ಇದ್ದರೆ ನಮ್ಮ ಟ್ಯಾಕ್ಸ್ ಕಾಗದ ಬೇಡ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅರ್ಜಿ ಹಾಕಿದವರು ತಮ್ಮ ಐ-864 ಮತ್ತು ತಮ್ಮ ಟ್ರಾನ್ಸ್‌ಕ್ರಿಪ್ಟ್ ಕೊಡಲೇಬೇಕು, ಆದಾಯ ಸಾಲದಿದ್ದರೂ.

ಸಹಿಗೆ ಮೊದಲು ಅಣ್ಣನಿಗೆ ಫೋನ್ ಮಾಡಿ ಹೇಳಿದೆ: "ಇದು ಸುಮ್ನೆ ಸಹಿ ಹಾಕೋ ಕಾಗದ ಅಲ್ಲ ಅಣ್ಣ, ಅತ್ತಿಗೆ ಹತ್ರನೂ ಮಾತಾಡು." ನಮ್ಮವರು ಅಮೆರಿಕದ ಪೌರರಾಗುವವರೆಗೆ ಅಥವಾ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷದ, ಕೆಲಸದ ಲೆಕ್ಕ ತುಂಬುವವರೆಗೆ ಆ ಹೊಣೆ ಇರುತ್ತದೆ. ವಿಚ್ಛೇದನ ಆದರೂ ಹೋಗುವುದಿಲ್ಲ. ಅಣ್ಣ, ಅತ್ತಿಗೆ, ಒಂದು ಮಗು, ಜೊತೆಗೆ ನಮ್ಮವರು, ಒಟ್ಟು ನಾಲ್ಕು ಜನಕ್ಕೆ 39,000 ಡಾಲರ್ ತೋರಿಸಬೇಕಿತ್ತು. ಅಣ್ಣ ಅತ್ತಿಗೆ ಜಂಟಿಯಾಗಿ ಫೈಲ್ ಮಾಡುವುದರಿಂದ ಅದರಲ್ಲಿ ಅಣ್ಣನ ಪಾಲು ಎಷ್ಟು ಅಂತ ತೋರಿಸಲು ಅವನ ಡಬ್ಲ್ಯು-2 ಕೂಡ ಸೇರಿಸಿದೆವು.

ಇನ್ನೊಂದು ಗಂಟು ವಾಸಸ್ಥಳದ್ದು. ಸ್ಪಾನ್ಸರ್ ಅಮೆರಿಕದಲ್ಲಿ ನೆಲೆಸಿರಬೇಕು, ಇಲ್ಲವೇ ಸಂಗಾತಿ ಅಲ್ಲಿ ಕಾಲಿಡುವುದರೊಳಗೆ ನೆಲೆಸುತ್ತೇನೆ ಅಂತ ತೋರಿಸಬೇಕು. ಅವನ ಮನೆಯಲ್ಲೇ ಇರುತ್ತೇವೆ ಅನ್ನುವ ಅಣ್ಣನ ಪತ್ರ, ಮುಚ್ಚದೆ ಉಳಿಸಿಕೊಂಡಿದ್ದ ಅಲ್ಲಿನ ಬ್ಯಾಂಕ್ ಖಾತೆ, ಕೆಲಸಕ್ಕೆ ಹಾಕಿದ ಅರ್ಜಿಗಳು, ಹಳೇ ಕೌಂಟಿಯಿಂದ ಮತಪತ್ರ ತರಿಸಿ ವೋಟ್ ಹಾಕಿದ ದಾಖಲೆ ಕೊಟ್ಟೆ. ವರ್ಷ ತಪ್ಪದೆ ಹಾಕಿದ ರಿಟರ್ನ್‌ಗಳು ಇಲ್ಲೂ ನನ್ನ ಪರವಾಗಿ ನಿಂತವು.

2025ರ ಜನವರಿಯಲ್ಲಿ ಮುಂಬೈ ಕಾನ್ಸುಲೇಟ್‌ನಲ್ಲಿ ನಮ್ಮವರ ಸಂದರ್ಶನ ಆಯಿತು. ಮದುವೆಯಾಗಿ ಎರಡು ವರ್ಷ ದಾಟಿದ್ದರಿಂದ ಐಆರ್-1 ಸಿಕ್ಕಿತು. ಅಂದರೆ ಷರತ್ತಿಲ್ಲದ ಹತ್ತು ವರ್ಷದ ಕಾರ್ಡ್.

ಕೊನೆಯದಾಗಿ, ಹೊರಡುವ ಮೊದಲೇ ಮಾಡಬೇಕಾದ ಒಂದು ಕೆಲಸ. ನಮ್ಮವರ ಹೆಸರಿನಲ್ಲಿ ಮ್ಯೂಚುವಲ್ ಫಂಡ್ ಎಸ್‌ಐಪಿಗಳಿದ್ದವು. ಭಾರತದ ಮ್ಯೂಚುವಲ್ ಫಂಡ್‌ಗಳನ್ನು ಅಮೆರಿಕ ಪಿಫಿಕ್ (ಹೊರದೇಶದ ಹೂಡಿಕೆ ಕಂಪನಿ) ಅಂತ ಕರೆದು ಕಠಿಣವಾಗಿ ಟ್ಯಾಕ್ಸ್ ಹಾಕುತ್ತದೆ. ಫಂಡಿಗೊಂದರಂತೆ 8621 ಫಾರ್ಮ್ ಬೇರೆ. ಅಲ್ಲಿನ ನಿವಾಸಿ ಆಗುವ ಮೊದಲು ಮಾರಿದರೆ ಆ ಲಾಭಕ್ಕೆ ಅಮೆರಿಕದ ಟ್ಯಾಕ್ಸ್ ಇಲ್ಲ. ಆದರೆ ಅಲ್ಲಿಗೆ ಹೋಗುವ ವರ್ಷಕ್ಕೇ ಜಂಟಿ ರಿಟರ್ನ್ ಆರಿಸಿಕೊಂಡರೆ ಅವರನ್ನು ಜನವರಿ 1ರಿಂದಲೇ ನಿವಾಸಿ ಅಂತ ಲೆಕ್ಕ ಹಿಡಿಯುತ್ತಾರೆ. 2025ಕ್ಕೆ ಜಂಟಿ ಫೈಲ್ ಮಾಡುವುದು ಅಂತ ನಾವು ಮೊದಲೇ ತೀರ್ಮಾನಿಸಿದ್ದೆವು. ಹಾಗಾಗಿ ಸಂದರ್ಶನಕ್ಕೆ ಕಾಯದೆ 2024ರ ಡಿಸೆಂಬರ್‌ನಲ್ಲೇ ಎಲ್ಲ ಯೂನಿಟ್ ಮಾರಿ, ಇಲ್ಲಿನ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಕಟ್ಟಿ ಮುಗಿಸಿದೆವು. ಅವರ ಪಿಪಿಎಫ್, ಎಲ್‌ಐಸಿ, ಉಳಿತಾಯ ಖಾತೆಗಳ ಪಟ್ಟಿಯನ್ನೂ ಆಗಲೇ ಮಾಡಿಟ್ಟುಕೊಂಡೆವು, ಯಾಕೆಂದರೆ ಮುಂದಿನ ಎಫ್‌ಬಾರ್ ಅವರೂ ಹಾಕಬೇಕು.