ಹೊಸ ಚಿಲ್ಲರ್ ಕೇಳುವ ಮೊದಲು ರಾತ್ರಿ ಮೀಟರ್ ನೋಡಿದೆ

ಆಫೀಸ್ ಕಟ್ಟಡದ ಮೇಂಟೆನೆನ್ಸ್ ನನ್ನ ಕೈಗೆ ಬಂದಾಗ ಎಲ್ಲರದ್ದೂ ಒಂದೇ ಮಾತು. ಬೇಸಿಗೆಯಲ್ಲಿ ಎಸಿ ಸಾಲುತ್ತಿಲ್ಲ, ದೊಡ್ಡ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರನ್ನು ತಂಪು ಮಾಡಿ ಕಳಿಸುವ ಯಂತ್ರ) ಹಾಕಿಸಿ. ನಾನು ಒಂದು ವಾರ ಟೈಮ್ ಕೇಳಿದೆ. ಹಗಲು ರಾತ್ರಿ, ಗಂಟೆಗೊಮ್ಮೆ ಮೀಟರ್ ರೀಡಿಂಗ್ ಬರೆಸಿದೆ.

ಸೆಕ್ಯುರಿಟಿಯವರನ್ನು ಬಿಟ್ಟು ಯಾರೂ ಇಲ್ಲದ ಹೊತ್ತಲ್ಲೂ ಮೀಟರ್ ಜೋರಾಗಿ ಓಡುತ್ತಿತ್ತು. ಟಾರ್ಚ್ ಹಿಡಿದು ಮಹಡಿ ಮಹಡಿ ಸುತ್ತಿದೆ. ಎರಡು ಮಹಡಿಗಳಲ್ಲಿ ಎಎಚ್‌ಯು, ಅಂದ್ರೆ ತಂಪು ಗಾಳಿಯನ್ನು ಮಹಡಿಗೆ ಊದುವ ದೊಡ್ಡ ಫ್ಯಾನಿನ ಯಂತ್ರ, ಆನ್ ಇತ್ತು. ಯಾವತ್ತೋ ರಾತ್ರಿ ಕೆಲಸಕ್ಕೆಂದು ಮ್ಯಾನುಯಲ್‌ಗೆ ತಿರುಗಿಸಿದ ಸ್ವಿಚ್ ಮತ್ತೆ ಆಟೋಗೆ ಬಂದೇ ಇರಲಿಲ್ಲ. ಅದನ್ನು ಸರಿಮಾಡಲು ಒಂದು ಪೈಸೆಯೂ ಬೇಕಾಗಲಿಲ್ಲ.

ಇನ್ನೊಂದು ಕಡೆ ಹೊರಗಿನ ಗಾಳಿಯನ್ನು ಒಳಗೆ ಬಿಡುವ ಡ್ಯಾಂಪರ್ (ಮೋಟರಿನಿಂದ ತೆರೆದು ಮುಚ್ಚುವ ಬಾಗಿಲು) ಪೂರ್ತಿ ತೆರೆದಿತ್ತು. ಮೋಟರ್ ಕೆಟ್ಟಿದ್ದರಿಂದ ಯಾರೋ ಅದನ್ನು ಬೈಂಡಿಂಗ್ ವೈರಿನಲ್ಲಿ ಬಿಗಿದು ಕಟ್ಟಿದ್ದರು. ಅಂದ್ರೆ ಬಿಸಿಗಾಳಿಯನ್ನು ನಾವೇ ಒಳಗೆ ಕರೆದು, ಆಮೇಲೆ ತಂಪು ಮಾಡುತ್ತಿದ್ದೆವು! ಹಾಗಂತ ಪೂರ್ತಿ ಮುಚ್ಚುವಂತಿಲ್ಲ, ಒಳಗಿರುವ ಜನಕ್ಕೆ ಹೊಸ ಗಾಳಿ ಬೇಕೇ ಬೇಕು. ಮೋಟರ್ ಬದಲಿಸಿ, ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಹಾಕಿಸಿದೆವು. ಜನ ಹೆಚ್ಚಿದಷ್ಟೂ ಅವರ ಉಸಿರಿನಿಂದ ಆ ಅನಿಲ ಹೆಚ್ಚುತ್ತದೆ, ಹಾಗಾಗಿ ಜನ ಎಷ್ಟಿದ್ದಾರೋ ಅದಕ್ಕೆ ತಕ್ಕ ಗಾಳಿ.

ಎಎಚ್‌ಯು ಫ್ಯಾನುಗಳಿಗೆ ವಿಎಫ್‌ಡಿ (ಮೋಟರಿನ ವೇಗವನ್ನು ಬೇಕಾದಂತೆ ಬದಲಿಸುವ ಸಾಧನ) ಹಾಕಿಸಿದ್ದು ನನಗೆ ತುಂಬಾ ಖುಷಿ ಕೊಟ್ಟ ಕೆಲಸ. ಫ್ಯಾನಿನ ವೇಗ 80 ಪರ್ಸೆಂಟಿಗೆ ಇಳಿದರೆ ಅದು ಎಳೆಯುವ ಕರೆಂಟ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಕಷ್ಟ ಕೊಟ್ಟಿದ್ದು ಪಶ್ಚಿಮದ ಗಾಜು. ಆ ಸಾಲಿನವರು ಮಧ್ಯಾಹ್ನ ಬ್ಲೈಂಡ್ ಇಳಿಸಿ, ಲೈಟ್ ಹಾಕಿ, ಥರ್ಮೋಸ್ಟಾಟನ್ನು 18ಕ್ಕೆ ಇಡುತ್ತಿದ್ದರು. ಅದೇ ಮಹಡಿಯ ಪೂರ್ವದ ಕಡೆಯವರು ಶಾಲು ಹೊದ್ದು ಕೂರುತ್ತಿದ್ದರು. ಬ್ಲೈಂಡ್ ಮೇಲೆ ಅಂಗೈ ಇಟ್ಟು ನೋಡಿದೆ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಸಿ. ಗಾಜು ದಾಟಿ ಬಂದ ಬಿಸಿಲನ್ನು ಬ್ಲೈಂಡ್ ಹೀರಿಕೊಂಡು ಬಹುಪಾಲು ಒಳಗೇ ಬಿಡುತ್ತದೆ. ತಡೆಯುವುದಾದರೆ ಹೊರಗೇ ತಡೆಯಬೇಕು, ಅಲ್ವಾ? ಸಂಜೆ ಸೂರ್ಯ ಕೆಳಗಿರುವುದರಿಂದ ಕಿಟಕಿ ಮೇಲಿನ ಸಜ್ಜಾ ಅಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಾಗಿ ಗಾಜಿನ ಹೊರಗೆ ಅಲ್ಯೂಮಿನಿಯಂ ಪಟ್ಟಿಗಳನ್ನು ಉದ್ದುದ್ದ ನಿಲ್ಲಿಸಿ, ಸಂಜೆ ಬಿಸಿಲಿಗೆ ಅಡ್ಡವಾಗುವಂತೆ ಓರೆ ಮಾಡಿಸಿದೆವು. ಖರ್ಚು ಜಾಸ್ತಿಯೇ ಆಯಿತು. ನೋಟ ಹಾಳಾಗುತ್ತೆ ಅಂತ ಜಗಳವೂ ಆಯಿತು. ಆದರೆ ಆ ಖರ್ಚಿನ ಬಗ್ಗೆ ನನಗೆ ಒಂದು ಚೂರೂ ಬೇಜಾರಿಲ್ಲ.

ಮುಂದಿನ ಬೇಸಿಗೆಗೆ ಥರ್ಮೋಸ್ಟಾಟ್ ಎರಡೂ ಕಡೆ 25ಕ್ಕೆ ನಿಂತಿತು. ಹಳೇ ಚಿಲ್ಲರೇ ಸಾಕಾಯಿತು.