ಪ್ರೈಮರಿ ಏರಿಸುವುದು ಬಿಟ್ಟೆ, ಬಿ37 ನಿಂತಿತು

ಮೇನ್‌ಫ್ರೇಮಿನಲ್ಲಿ ಫೈಲಿಗೆ ಕೊಟ್ಟ ಜಾಗ ಮುಗಿದು ಜಾಬ್ ಬಿದ್ದರೆ, ಅಂದರೆ ಬಿ37 ಎರರ್ ಬಂದರೆ, ನಾವೆಲ್ಲ ಮಾಡುವುದು ಒಂದೇ. ಸ್ಪೇಸ್ ಜಾಸ್ತಿ ಮಾಡಿ, ರೀಸ್ಟಾರ್ಟ್ ಕೊಟ್ಟು, ಟೀ ಕುಡಿಯಲು ಹೋಗುವುದು. ನಾನೂ ಎರಡು ತಿಂಗಳು ಅದನ್ನೇ ಮಾಡಿದೆ.

ಇಂಗ್ಲೆಂಡಿನ ಒಂದು ಇನ್ಶೂರೆನ್ಸ್ ಕಂಪನಿಯ ಬ್ಯಾಚ್ ಜಾಬ್‌ಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳುತ್ತಿದ್ದೆ. ಜಾಬ್ ಬೀಳುತ್ತಿದ್ದದ್ದು ನಮ್ಮ ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ. 80 ಬೈಟಿನ ರೆಕಾರ್ಡ್. 30 ಲಕ್ಷ ರೆಕಾರ್ಡಿನ ಒಳಗಿದ್ದ ಫೈಲ್ 40 ಲಕ್ಷಕ್ಕೆ ಹೋಗಿತ್ತು. ಸ್ಪೇಸ್ 500, 150 ಸಿಲಿಂಡರ್ (ಡಿಸ್ಕ್ ಜಾಗದ ಅಳತೆ): ಮೊದಲು ಪ್ರೈಮರಿ 500, ಸಾಲದಾದಾಗಲೆಲ್ಲ ಸೆಕೆಂಡರಿ 150. ಒಂದು ವಾಲ್ಯೂಮಿನಲ್ಲಿ, ಅಂದರೆ ಡಿಸ್ಕಿನಲ್ಲಿ, ಸಿಗುವ 16 ಎಕ್ಸ್‌ಟೆಂಟ್ (ತುಂಡು) ಮುಗಿಸಿದರೂ 2,750 ದಾಟುವುದಿಲ್ಲ.

ಟೀಮ್ ಲೀಡ್ ಪ್ರೈಮರಿಯನ್ನು 2,500ಕ್ಕೆ ಏರಿಸಲು ಹೇಳಿದರು. ಈಗ ಜಾಬ್ ಶುರುವೇ ಆಗಲಿಲ್ಲ, ಸಾಕಷ್ಟು ಜಾಗವಿಲ್ಲ ಎನ್ನುವ ಐಜಿಡಿ17272ಐ ಮೆಸೇಜ್. ವಾಲ್ಯೂಮ್‌ಗಳೆಲ್ಲ ಚೂರುಚೂರು, ಪ್ರೈಮರಿಗೆ ಬಿಡುವ ಐದೇ ತುಂಡಿನಲ್ಲಿ ಅಷ್ಟು ಜಾಗ ಎಲ್ಲಿ ಸಿಗಬೇಕು? ಪ್ರೈಮರಿಯನ್ನು ಮತ್ತೆ 500ಕ್ಕೆ ಇಳಿಸಿ, ಫೈಲ್ ಮೂರು ವಾಲ್ಯೂಮ್‌ಗೆ ಹರಡಲಿ ಎಂದು ಯೂನಿಟ್ ಕೌಂಟ್ 3 ಹಾಕಿದೆ. ನಮ್ಮದು ಪಾಸಾಯಿತು, ಪಕ್ಕದ ಟೀಮಿನ ಜಾಬ್ ಜಾಗವಿಲ್ಲದೆ ಬಿತ್ತು. ಅವರ ಬೈಗುಳ ಬೇರೆ. ಹೊಸ ವಾಲ್ಯೂಮ್‌ಗಳಿಗೆ ತಿಂಗಳಿಗೆ ಲಕ್ಷದ ಮೇಲೆ ಚಾರ್ಜ್ ಬೀಳುತ್ತದೆ ಎಂಬ ಲೆಕ್ಕವೂ ಬಂತು.

ಒಂದು ರಾತ್ರಿ ಸುಮ್ನೆ ಐಎಸ್‌ಪಿಎಫ್ 3.4ರಲ್ಲಿ (ಫೈಲ್‌ಗಳ ಪಟ್ಟಿ ತೋರಿಸುವ ಸ್ಕ್ರೀನ್) ಆ ಡೇಟಾಸೆಟ್, ಅಂದರೆ ಆ ಫೈಲ್, ನೋಡಿದೆ. ಬ್ಲಾಕ್ ಸೈಜ್ 80! ಬ್ಲಾಕ್ ಅಂದರೆ ಡಿಸ್ಕಿಗೆ ಒಂದೇ ಸಲ ಬರೆಯುವ ಕಟ್ಟು, ಅದರಲ್ಲಿ ಒಂದೇ ರೆಕಾರ್ಡ್. ಹಾಗಾಗಿ 3390 ಡಿಸ್ಕಿನ ಒಂದು ಟ್ರ್ಯಾಕಿಗೆ ಬರೀ 78 ರೆಕಾರ್ಡ್. 40 ಲಕ್ಷಕ್ಕೆ ಸುಮಾರು 3,420 ಸಿಲಿಂಡರ್ ಬೇಕು. ಮಾಡೆಲ್ 3 ವಾಲ್ಯೂಮ್ ಇಡಿಯಾಗಿ ಕೊಟ್ಟರೂ 3,339ರಷ್ಟೇ ಅಲ್ವಾ?

ಜಾಬ್ ಓಡಿಸುವ ಜೆಸಿಎಲ್‌ನಲ್ಲಿ, ಸಿಸ್ಟಮ್ಮೇ ಸೈಜ್ ಆರಿಸಲಿ ಎಂದು ಬ್ಲಾಕ್ ಸೈಜ್ 0 ಹಾಕಿ ಓಡಿಸಿದೆ. ಮತ್ತೆ 80. 27920 ಅಂತ ಬರೆದೆ, ಆಗಲೂ 80. "ಬ್ಲಾಕಿಂಗ್ ಎಲ್ಲ ಹಳೇ ಕಾಲದ ಮಾತು ಕಣಪ್ಪ, ಬಿಡು" ಎಂದು ಲೀಡ್ ನಕ್ಕರು. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲೆ ಆ ಫೈಲ್ ಬರೆಯುವ ಪ್ರೋಗ್ರಾಮಿನ ಕೋಬಾಲ್ ಸೋರ್ಸ್ ತೆಗೆದೆ. ಫೈಲಿನ ವಿವರ ಬರೆಯುವ ಎಫ್‌ಡಿಯಲ್ಲಿ ಬ್ಲಾಕ್ ಕಂಟೇನ್ಸ್ ಸಾಲೇ ಇಲ್ಲ. ಆ ಸಾಲು ಇಲ್ಲದಿದ್ದರೆ ಕೋಬಾಲ್ ಒಂದು ಬ್ಲಾಕಿಗೆ ಒಂದೇ ರೆಕಾರ್ಡ್ ಅಂತ ತಿಳಿಯುತ್ತದೆ, ಜೆಸಿಎಲ್ ಮಾತು ಅಲ್ಲಿ ನಡೆಯುವುದಿಲ್ಲ. ಬ್ಲಾಕ್ ಕಂಟೇನ್ಸ್ 0 ರೆಕಾರ್ಡ್ಸ್ ಅಂತ ಸೇರಿಸಿ ಕಂಪೈಲ್ ಮಾಡಿದೆ. ಟ್ರ್ಯಾಕಿಗೆ 698 ರೆಕಾರ್ಡ್, ಒಟ್ಟು 380 ಚಿಲ್ಲರೆ ಸಿಲಿಂಡರ್. ಹಳೇ 500 ಪ್ರೈಮರಿಯಲ್ಲೇ ಮುಗಿಯಿತು, ಸೆಕೆಂಡರಿ ಮುಟ್ಟಲೇ ಇಲ್ಲ. 50 ನಿಮಿಷದ ಸ್ಟೆಪ್ ಏಳೆಂಟು ನಿಮಿಷಕ್ಕೆ ಇಳಿಯಿತು. ಲೀಡ್ ಎರಡು ಸಲ ಸ್ಪೂಲ್ (ಜಾಬಿನ ಔಟ್‌ಪುಟ್) ತೆಗೆದು ನೋಡಿದರು.

ಒಂದು ಎಡವಟ್ಟು ಮಾತ್ರ ನನ್ನದೇ. ಆ ಫೈಲ್ ಓದುವ ಪ್ರೋಗ್ರಾಂಗಳ ಎಫ್‌ಡಿಯನ್ನೂ ತಿದ್ದಬೇಕಿತ್ತು. ಮೂರರಲ್ಲಿ ಒಂದು ಮರೆತೆ, ಮಾರನೇ ದಿನ ಅದೇ ಬಿತ್ತು.

ಮನೆಯ ಲ್ಯಾಪ್‌ಟಾಪಿನಲ್ಲಿ ಮೇನ್‌ಫ್ರೇಮಿನಂತೆ ನಡೆಯುವ ಹರ್ಕ್ಯುಲಿಸ್ ಸಾಫ್ಟ್‌ವೇರ್ ಮೇಲೆ ಎಂವಿಎಸ್ 3.8ಜೆ ಎಂಬ ಹಳೇ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡಿದ್ದೇನೆ. ಅಲ್ಲೂ ಬ್ಲಾಕ್ ಸೈಜ್ 0 ಕೊಟ್ಟು ನೋಡಿದೆ. 013-34 ಎರರ್ ಎಂದು ಮುಖಕ್ಕೆ ಹೊಡೆಯಿತು. ಆ ಕಾಲದಲ್ಲಿ ಸಿಸ್ಟಮ್ ತಾನೇ ಲೆಕ್ಕ ಹಾಕುತ್ತಿರಲಿಲ್ಲ.

ಇಂಥ ಎಫ್‌ಡಿಗಳನ್ನು ಲೈಬ್ರರಿಯಿಂದ ಹುಡುಕಿ ತೆಗೆಯಲು ಒಂದು ರೆಕ್ಸ್ ಸ್ಕ್ರಿಪ್ಟ್ ಬರೆದೆ. ಅದನ್ನು ಇಲ್ಲಿ ಕೊಡುವುದಿಲ್ಲ, ಅಪ್ರೈಸಲ್ ಹತ್ತಿರ ಇದೆ. ನೂರರ ಮೇಲೆ ಸಿಕ್ಕಿವೆ, ಹನ್ನೊಂದು ತಿದ್ದಿದ್ದೇನೆ.