ಎಸಿಯಿಂದ ಗೋಡೆ ಮೇಲೆ ನೀರು ಇಳಿಯುತ್ತಿದೆಯಾ? ಹೀಗೆ ಮಾಡಿ

ಮಂಗಳೂರಿನಲ್ಲಿ ಸೆಕೆ ಶುರುವಾದರೆ ಸಾಕು, ಎಷ್ಟೋ ಮನೆಗಳಲ್ಲಿ ಎಸಿ ಕೆಳಗೆ ಒಂದು ಬಕೆಟ್ ಬಂದು ಕೂರುತ್ತದೆ. ‘ಗ್ಯಾಸ್ ಲೀಕ್ ಆಗಿರಬೇಕು’ ಎಂದು ಎಲ್ಲರೂ ಹೆದರುತ್ತಾರೆ. ಬಹಳ ಸಲ ಗ್ಯಾಸ್ ಸರಿಯಾಗೇ ಇರುತ್ತದೆ, ನೀರು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡಿರುತ್ತದೆ.

ಎಸಿಗೆ ನೀರು ಎಲ್ಲಿಂದ ಬಂತು ಅಂತೀರಾ? ಅದು ಹುಟ್ಟಿದ್ದೇ ಗಾಳಿಯಿಂದ ನೀರು ಹಿಂಡಲಿಕ್ಕೆ. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗುತ್ತಿತ್ತು. ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುತ್ತಿರಲಿಲ್ಲ. ಬಫಲೋ ಫೋರ್ಜ್ ಕಂಪನಿಯಲ್ಲಿದ್ದ 25 ವರ್ಷದ ವಿಲಿಸ್ ಕ್ಯಾರಿಯರ್ ತಣ್ಣನೆಯ ಕಾಯಿಲ್ (ಕೊಳವೆಗಳ ಸುರುಳಿ) ಮೇಲೆ ಗಾಳಿ ಹಾಯಿಸಿ, ತೇವವನ್ನು ನೀರಾಗಿ ಇಳಿಸುವ ದಾರಿ ಕಂಡುಕೊಂಡ. 1906ರಲ್ಲಿ ಪೇಟೆಂಟ್ ಸಿಕ್ಕಿತು. 1915ರಲ್ಲಿ ಆರು ಜನ ಎಂಜಿನಿಯರ್ ಗೆಳೆಯರ ಜೊತೆ ತನ್ನದೇ ಕಂಪನಿ ತೆಗೆದ. ನಮಗೆ ಕ್ಯಾರಿಯರ್ ಅಂದರೆ ಊಟದ ಡಬ್ಬಿ, ಇದು ಆ ಕ್ಯಾರಿಯರ್ ಅಲ್ಲ! 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ಇವರ ಯಂತ್ರ ಬಂತು. ಕಾಗದಕ್ಕೆ ಮಾಡಿದ ಉಪಚಾರ ಪ್ರೇಕ್ಷಕರಿಗೂ ಸಿಕ್ಕಿತು. ನಿಮ್ಮ ಮನೆಯ ಎಸಿ ಯಾವ ಬ್ರ್ಯಾಂಡಿನದೇ ಇರಲಿ, ಒಳಗೆ ನಡೆಯುವುದು ಅದೇ ಕೆಲಸ.

ಈಗ ಕೆಲಸಕ್ಕೆ ಇಳಿಯೋಣ.

1. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಸ್ವಿಚ್ ಬೋರ್ಡಿನಲ್ಲಿ ಎಸಿಗೆ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ.

2. ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿ.

3. ಫಿಲ್ಟರ್ ಹಿಂದಿನ ಕಾಯಿಲ್ ಮೇಲಿನ ಧೂಳನ್ನು ಮೆತ್ತನೆ ಪೇಂಟ್ ಬ್ರಷ್‌ನಿಂದ ಮೇಲಿಂದ ಕೆಳಕ್ಕೆ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ತಗಡಿನ ಪದರಗಳು ಮಡಚಿಕೊಳ್ಳುತ್ತವೆ. ಕಾರು ತೊಳೆಯುವ ಪ್ರೆಶರ್ ಪಂಪ್ ಹತ್ತಿರವೂ ತರಬೇಡಿ. ಘಮಘಮ ಸ್ಪ್ರೇ ಡಬ್ಬಿಗಳಿಗೂ ದುಡ್ಡು ಹಾಕಬೇಡಿ. ವಾಸನೆ ಮುಚ್ಚುತ್ತದೆ, ಕೊಳೆ ಅಲ್ಲೇ ಇರುತ್ತದೆ.

4. ಎಲ್ಲರೂ ಎಡವುವುದು ಡ್ರೈನ್ ಪೈಪ್‌ನಲ್ಲಿ. ಕಾಯಿಲ್ ಕೆಳಗಿನ ಟ್ರೇಗೆ ಒಂದು ಲೋಟ ನೀರನ್ನು ನಿಧಾನವಾಗಿ ಹೊಯ್ಯಿರಿ. ಪೈಪ್‌ನ ಹೊರತುದಿಯ ಹತ್ತಿರ ಒಬ್ಬರು ನಿಂತು ನೋಡಲಿ. ನೀರು ಬರಲಿಲ್ಲವಾ? ಒಳಗೆ ಲೋಳೆ ಕಟ್ಟಿದೆ. ಕೆಲವರು ಹೊರತುದಿಯಿಂದ ಬಾಯಲ್ಲಿ ಊದುತ್ತಾರೆ, ಆಗ ಕೊಳೆಯೆಲ್ಲ ಮತ್ತೆ ಟ್ರೇಗೇ ಬರುತ್ತದೆ. ತಂತಿಯಂತೂ ತೂರಿಸಲೇಬೇಡಿ. ಹಾಗೆ ತೂರಿಸಿದ ಒಬ್ಬ ಮೆಕ್ಯಾನಿಕ್ ನಮ್ಮ ಮನೆಯ ಪೈಪನ್ನು ಗೋಡೆಯೊಳಗೇ ತೂತು ಮಾಡಿ ಹೋಗಿದ್ದ, ಗೋಡೆ ಒಡೆಸಬೇಕಾಯಿತು. ಹೊರತುದಿಗೆ ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಇಟ್ಟು, ಸಂದಿಗೆ ಒದ್ದೆ ಬಟ್ಟೆ ಸುತ್ತಿ ಎಳೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರು ಎರಡು ಸಲ ಬಿಡಿ. ಕುದಿಯುವ ನೀರು ಬೇಡ.

ಪೈಪಿನ ಹಾದಿಯನ್ನೂ ನೋಡಿ. ಉದ್ದಕ್ಕೂ ಇಳಿಜಾರು ಇರಬೇಕು. ಕಿಟಕಿ ಸರಳಿಗೆ ಸುತ್ತಿ ನಡುವೆ ಜೋತುಬಿದ್ದರೆ ಅಲ್ಲಿ ಮತ್ತೆ ಕಸ ನಿಲ್ಲುತ್ತದೆ. ತುದಿ ಬಕೆಟ್ ನೀರಿನಲ್ಲಿ ಮುಳುಗಿದರೂ ಗಾಳಿ ಕಟ್ಟಿ ಹರಿವು ನಿಲ್ಲುತ್ತದೆ. ತುದಿ ನೀರಿಗಿಂತ ಮೇಲಿರಲಿ.

5. ಎಲ್ಲ ಜೋಡಿಸಿ 24 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಬಿಡಿ. ಹೊರಗೆ ತೊಟ್ಟಿಕ್ಕುತ್ತಿದ್ದರೆ ಕೆಲಸ ಆಯಿತು. ಕಾಯಿಲ್ ಮೇಲೆ ಐಸ್ ಕಟ್ಟಿದ್ದರೆ ಮಾತ್ರ ಮೆಕ್ಯಾನಿಕ್ ಕರೆಯಿರಿ.

ಆ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕುವವರಿದ್ದಾರೆ. ಬೇಡ, ಕಾಯಿಲ್‌ನ ಧೂಳೂ ಲೋಹದ ಅಂಶವೂ ಅದರಲ್ಲಿರುತ್ತದೆ. ಹೂವಿನ ಕುಂಡಕ್ಕೆ ಹೊಯ್ಯಿರಿ.